ನಮ್ಮ ಪೇಂಟ್ ಶಾಪಿಗೆ ರೋಬೊ ಬಂದ ಮೇಲೆ

ನಗಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಕಷ್ಟ ನನಗೆ ಯಾವತ್ತೂ ಬಂದಿಲ್ಲ. ಅವು ನಮ್ಮ ಕಾರ್ಖಾನೆಯ ಗೇಟಿನಲ್ಲಿ ಪಾಸು ಕೂಡ ತೋರಿಸದೆ ಒಳಗೆ ನುಗ್ಗುತ್ತವೆ. ನುಗ್ಗಿ ಸೀದಾ ಪೇಂಟ್ ಶಾಪಿಗೇ ಬರುತ್ತವೆ.

ಕೊಪ್ಪಳದ ಹೊರಗೆ, ಗಂಗಾವತಿ ರಸ್ತೆಗೆ ಹತ್ತಿಕೊಂಡಂತೆ ನಮ್ಮ ಕಾರ್ಖಾನೆ ಇದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರಾಲಿ ಮಾಡುತ್ತೇವೆ. ನಾನು ಡಿಪ್ಲೊಮಾ ಓದಿದವಳು, ಬಣ್ಣ ಹೊಡೆಯುವ ವಿಭಾಗದ ಸೂಪರ್‌ವೈಸರ್. ಊರು ಯಲಬುರ್ಗಿ ಕಡೆಯ ತಳಕಲ್, ಅಂದರೆ ಕೊಟ್ಟ ಮನೆ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ನನ್ನ ಕೈಕೆಳಗೆ ಎಂದು ಕಾಗದದ ಮೇಲೆ ಇರುವವರು, ನಿಜದಲ್ಲಿ ನನ್ನ ತಲೆಯ ಮೇಲೆ ಇರುವವರು, ನಮ್ಮ ಉಸ್ತಾದ್. ಗಂಗಾವತಿಯವರು. ಅವರ ಅಪ್ಪ ಎತ್ತಿನ ಬಂಡಿಗೆ ಬಣ್ಣ ಬಳಿಯುತ್ತಿದ್ದರಂತೆ, ಇವರು ಟ್ರಾಲಿಗೆ ಹೊಡೆಯುತ್ತಾರೆ. ನನ್ನನ್ನು ಬೇಟಿ ಅನ್ನುತ್ತಾರೆ, ಸಿಟ್ಟು ಬಂದಾಗ ಮಾತ್ರ ಮೇಡಂ ಅನ್ನುತ್ತಾರೆ. ಇಬ್ಬರ ಮೇಲೂ ಸಾವ್ಕಾರ್ರು, ಕಾರ್ಖಾನೆಯ ಮಾಲೀಕರು. ಅವರು ಒಮ್ಮೆ ಪುಣೆಯ ಎಕ್ಸಿಬಿಷನ್‌ಗೆ ಹೋದರು. ಅಲ್ಲಿಂದ ಎಲ್ಲ ಶುರುವಾಯಿತು.

ಕಣ್ಣಿಗೆ ಕುಂಕುಮ

ಪುಣೆಯಿಂದ ಬಂದ ಸಾವ್ಕಾರ್ರು ನಮ್ಮನ್ನೆಲ್ಲ ಕರೆದು ನಿಲ್ಲಿಸಿ ಹೇಳಿದರು: "ರೋಬೊ ತರಾಕತ್ತೇನಿ. ಅದು ಚಾ ಕುಡಿಯೂದಿಲ್ಲ, ಮದವಿಗೆ ರಜಾ ಕೇಳೂದಿಲ್ಲ, ಒಂದ ಹನಿ ಬಣ್ಣಾ ಚೆಲ್ಲೂದಿಲ್ಲ."

ಬಣ್ಣ ಹೊಡೆಯುವವರ ಮುಖಗಳೆಲ್ಲ ಪ್ರೈಮರ್ ಹೊಡೆದಂತೆ ಬಿಳಚಿಕೊಂಡವು. ಉಸ್ತಾದ್ ಮಾತ್ರ ಕೇಳಿದರು: "ಸಾವ್ಕಾರ್ರ, ಚಾ ಕುಡೀಲಾರದವ್ರ ಕೂಡ ನಾ ಹೆಂಗ ಕೆಲಸ ಮಾಡ್ಲಿ?"

ಕಟ್ಟಿಗೆಯ ಪೆಟ್ಟಿಗೆಯಲ್ಲಿ ರೋಬೊ ಬಂತು. ಅದರ ಜೊತೆಗೆ ಪುಣೆಯ ಒಬ್ಬ ಎಂಜಿನಿಯರ್ ಕೂಡ ಬಂದರು. ಕನ್ನಡದಲ್ಲಿ ಅವರಿಗೆ 'ಊಟ' ಎಂಬ ಒಂದೇ ಶಬ್ದ ಗೊತ್ತಿತ್ತು. ಅದು ಸಾಕಾಗುತ್ತಿತ್ತು ಕೂಡ. ಯಂತ್ರದಲ್ಲಿ ಎರಡು ಭಾಗ. ಒಂದು ಸ್ಪ್ರೇ ಗನ್ ಹಿಡಿದ ಉದ್ದನೆಯ ಕೈ. ಇನ್ನೊಂದು ಬಾಗಿಲಲ್ಲಿ ಎತ್ತರಕ್ಕೆ ಕೂರಿಸಿದ ಸ್ಕ್ಯಾನರ್. ಮೇಲಿನ ಹಳಿಗೆ ತೂಗಿಬಿಟ್ಟ ಟ್ರಾಲಿ ಒಳಗೆ ಬರುವಾಗ ಸ್ಕ್ಯಾನರ್ ಅದನ್ನು ಮೇಲಿಂದ ಕೆಳಗೆ ನೋಡುತ್ತದೆ. ಥೇಟ್ ಹೆಣ್ಣು ನೋಡಲು ಬಂದ ಗಂಡಿನ ತಾಯಿಯಂತೆ. ನೋಡಿದ ಆಕಾರವನ್ನು ಕಂಪ್ಯೂಟರಿಗೆ ಹೇಳುತ್ತದೆ. ಕೈ ಆ ಆಕಾರದ ಪ್ರಕಾರ ಬಣ್ಣ ಹೊಡೆಯುತ್ತದೆ.

ಮೊದಲ ದಿನ ಸಾವ್ಕಾರ್ರು ಹೇಮಗುಡ್ಡದ ದುರ್ಗಮ್ಮನ ಗುಡಿಯಿಂದ ಪ್ರಸಾದ, ಕುಂಕುಮ ತಂದಿದ್ದರು. ಕಾಯಿ ಒಡೆದರು. ಆಮೇಲೆ ಏಣಿ ಹತ್ತಿ, ಎಲ್ಲಕ್ಕಿಂತ ಎತ್ತರದಲ್ಲಿ ಫಳಫಳ ಹೊಳೆಯುತ್ತಿದ್ದ ಜಾಗ ನೋಡಿ, ಭಕ್ತಿಯಿಂದ ಹೆಬ್ಬೆರಳು ಒತ್ತಿ ಕುಂಕುಮ ಹಚ್ಚಿದರು. ಎಂಜಿನಿಯರ್ ಆಗ ಕಂಪ್ಯೂಟರಿನ ಮುಂದೆ ಕುಳಿತು ಪ್ರಸಾದ ತಿನ್ನುತ್ತಿದ್ದರು.

ಮೊದಲ ಟ್ರಾಲಿ ಒಳಗೆ ಬಂತು. ಪರದೆಯ ಮೇಲೆ ಟ್ರಾಲಿಯ ಚಿತ್ರ ಮೂಡಿತು. ನಟ್ಟ ನಡುವೆ ದೊಡ್ಡದೊಂದು ತೂತು.

"ನನ್ನ ಟ್ರಾಲಿಗೆ ತೂತ?" ಸಾವ್ಕಾರ್ರು ವೆಲ್ಡಿಂಗ್ ವಿಭಾಗದ ಕಡೆ ತಿರುಗಿ ಕೂಗಿದರು. ವೆಲ್ಡಿಂಗಿನವರು ಓಡಿ ಬಂದು ಟ್ರಾಲಿ ತಟ್ಟಿ ನೋಡಿದರು. ತೂತು ಇಲ್ಲ. ಎರಡನೆಯ ಟ್ರಾಲಿ ತಂದರು. ಅದಕ್ಕೂ ಅದೇ ಜಾಗದಲ್ಲಿ ತೂತು. ಎಂಜಿನಿಯರ್ ಎದ್ದು ಬಂದು ಮೇಲೆ ನೋಡಿದರು. ಬಾಯಲ್ಲಿದ್ದ ಪ್ರಸಾದ ಅಲ್ಲೇ ನಿಂತಿತು. ಜೇಬಿನಿಂದ ಬಟ್ಟೆ ತೆಗೆದು ಏಣಿ ಹತ್ತತೊಡಗಿದರು. ಸಾವ್ಕಾರ್ರು ಅವರ ಕಾಲು ಹಿಡಿದುಕೊಂಡರು.

"ಏ, ಶುಭ ಕೆಲಸದಾಗ ಕುಂಕುಮ ಒರಸಬಾರದ್ರೀ!"

ಎಂಜಿನಿಯರ್ ಏಣಿಯ ಮೇಲಿಂದ ಹಿಂದಿಯಲ್ಲಿ ಏನೋ ಗೋಗರೆದರು. ಒರೆಸದಿದ್ದರೆ ಅದು ಕುರುಡಾಗಿಯೇ ಇರುತ್ತದೆ ಅನ್ನುತ್ತಿದ್ದಾರೆ ಎಂದು ನಾನು ಕನ್ನಡಕ್ಕೆ ತಂದೆ. ಸಾವ್ಕಾರ್ರು ಕಾಲು ಬಿಡಲಿಲ್ಲ. ಆಗ ಉಸ್ತಾದ್ ಮೆಲ್ಲಗೆ ಹೇಳಿದರು: "ಸಾವ್ಕಾರ್ರ, ನೀವು ಹಚ್ಚಿದ್ದು ಹಣಿಗೆ ಅಲ್ರಿ, ಕಣ್ಣಿಗೆ. ನಿಮ್ಮ ಕಣ್ಣಾಗ ಯಾರರ ಕುಂಕುಮ ತುಂಬಿದ್ರ ದೇವಿ ಕಾಣ್ತಾಳೋ, ಉರಿ ಹತ್ತತೈತೋ?"

ಸಾವ್ಕಾರ್ರು ವಿಚಾರ ಮಾಡಿದರು. ಅವರೇ ಏಣಿ ಹತ್ತಿ ತಮ್ಮ ರೇಷ್ಮೆ ಶಲ್ಯದಿಂದ ಒರೆಸಿದರು. ಇಳಿದು ಬಂದು ಎಂಜಿನಿಯರ್‌ಗೆ ಕೇಳಿದರು: "ಹಂಗಾರ ಇದರ ಹಣಿ ಎಲ್ಲೈತಿ?"

ಅದನ್ನೂ ನಾನು ಹಿಂದಿಗೆ ತಂದೆ. ಪಾಪ, ಎಂಜಿನಿಯರ್ ರೋಬೊದ ದಪ್ಪ ಪುಸ್ತಕ ತೆಗೆದು ಪುಟ ತಿರುವಿ ನೋಡಿಯೇ ನೋಡಿದರು. ಹಣೆಯ ಚಿತ್ರ ಎಲ್ಲೂ ಇರಲಿಲ್ಲ. ಕೊನೆಗೆ ಮೊಣಕೈಗೆ ಹಚ್ಚಿದೆವು. ಈಗಲೂ ಏನಾದರೂ ಕೆಟ್ಟು ಪುಣೆಗೆ ಫೋನ್ ಮಾಡಿದರೆ, ಅವರ ಆಫೀಸಿನವರೇ ಕೇಳುತ್ತಾರೆ: "ಮೇಡಂ, ಯಾವ ಜಾಯಿಂಟು? ಕುಂಕುಮದ್ದೋ, ಅದರ ಕೆಳಗಿನದ್ದೋ?"

ಚಟ

ಟ್ರಾಲಿಯ ಹೊರಮೈ ಸ್ಕ್ಯಾನರಿಗೆ ಕಾಣುತ್ತದೆ. ಅಡಿಯಲ್ಲಿರುವ ಸಂದಿಗೊಂದಿ ಕಾಣುವುದಿಲ್ಲ. ಅದಕ್ಕೆ ಎಂಜಿನಿಯರ್ ಒಂದು ದಾರಿ ಹೇಳಿದರು. ಅನುಭವ ಇದ್ದವರು ಯಾರಾದರೂ ರೋಬೊದ ಕೈ ಹಿಡಿದು, ಮಗುವಿಗೆ ಅಕ್ಷರ ತಿದ್ದಿಸಿದಂತೆ ಒಮ್ಮೆ ಎಲ್ಲ ಕಡೆ ಆಡಿಸಿ ತೋರಿಸಬೇಕು. ಅದು ನೆನಪಿಟ್ಟುಕೊಂಡು ಮುಂದೆ ತಾನೇ ಮಾಡುತ್ತದೆ.

ಅನುಭವ ಇದ್ದವರು ಉಸ್ತಾದ್. ಅವರು ಎರಡು ದಿನ ನನ್ನನ್ನು ಮೇಡಂ ಎಂದೇ ಕರೆದರು.

"ನನ್ನ ಕೆಲಸ ಕಸಗೊಳ್ಳಾಕ ಬಂದವಗ ನಾನ ಕೈ ಹಿಡಿದು ಕಲಿಸಬೇಕೇನ್ರಿ ಮೇಡಂ?"

ಅದನ್ನು ನಾನು ಸಾವ್ಕಾರ್ರನ್ನೇ ಹೋಗಿ ಕೇಳಿದೆ. ಅವರೂ ಕೆಟ್ಟವರಲ್ಲ. ಪೇಂಟ್ ಶಾಪಿಗೆ ಬಂದು ಉಸ್ತಾದರ ಹೆಗಲ ಮೇಲೆ ಕೈ ಹಾಕಿ, "ಉಸ್ತಾದ್, ಅದಕ್ಕ ಕೈ ಐತಿ, ಬುದ್ಧಿ ಇಲ್ಲ. ನೀ ಇದ್ದಷ್ಟು ದಿನ ನೀನ ಅದರ ಉಸ್ತಾದ್. ಮಾತು ಕೊಟ್ಟೆ," ಎಂದರು. ಉಸ್ತಾದ್ ಟೋಪಿ ಸರಿಮಾಡಿಕೊಂಡು ಬಿಸ್ಮಿಲ್ಲಾ ಎಂದು ರೋಬೊದ ಕೈ ಹಿಡಿದರು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಅವರ ಕಣ್ಣು ಒದ್ದೆಯಾಗಿತ್ತು. ಬಾಯಿ ಮಾತ್ರ ಎಂದಿನಂತೆ ಎಲೆ ಅಡಿಕೆಯಿಂದ ತುಂಬಿತ್ತು.

ಮರುದಿನ ರೋಬೊ ಉಸ್ತಾದರಂತೆಯೇ ಹೊಡೆಯಿತು. ಅದೇ ಮಣಿಕಟ್ಟಿನ ತಿರುವು, ಅದೇ ಬಳುಕು. ಆದರೆ ಅರ್ಧ ಕೆಲಸ ಆದ ಮೇಲೆ ಗಕ್ಕನೆ ನಿಂತಿತು. ಬಣ್ಣ ಬಂದ್ ಮಾಡಿತು. ನಿಧಾನಕ್ಕೆ ಎಡಕ್ಕೆ ತಿರುಗಿ, ಮೂಲೆಯ ಕಡೆ ಬಾಗಿ, ಸ್ವಲ್ಪ ಹೊತ್ತು ಹಾಗೇ ಇದ್ದು, ಮತ್ತೆ ಬಂದು ಕೆಲಸ ಮುಂದುವರಿಸಿತು. ಎರಡನೆಯ ಟ್ರಾಲಿಗೂ ಹಾಗೆಯೇ. ಮೂರನೆಯದಕ್ಕೂ ಹಾಗೆಯೇ.

ಎಂಜಿನಿಯರ್ ವೈರು ಬಿಚ್ಚಿ ನೋಡಿದರು, ಗಾಳಿಯ ಒತ್ತಡ ನೋಡಿದರು, ಪುಣೆಗೆ ವಿಡಿಯೋ ಕಳಿಸಿದರು. ಪುಣೆಯವರು ಅದನ್ನು ಜರ್ಮನಿಗೆ ಕಳಿಸಿದರು. ಜರ್ಮನಿಯವರಿಗೂ ತಿಳಿಯಲಿಲ್ಲ. ನಾನು ಚಹಾದ ಹೊತ್ತಿನಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದೆ. ರೋಬೊ ಮೂಲೆಗೆ ಬಾಗಿತು. ಅದೇ ಕ್ಷಣಕ್ಕೆ ಈಚೆ ಬದಿಯಲ್ಲಿ ಉಸ್ತಾದ್ ಮಾತು ನಿಲ್ಲಿಸಿ ಎಡಕ್ಕೆ ತಿರುಗಿ ಮೂಲೆಯ ಡ್ರಮ್ಮಿಗೆ ಬಾಗಿದರು. ಪಿಚಕ್ ಎಂದು ಉಗುಳಿ ಬಾಯೊರೆಸಿಕೊಂಡು ಮತ್ತೆ ಮಾತು ಮುಂದುವರಿಸಿದರು.

ಉಸ್ತಾದ್ ಕಲಿಸುವಾಗಲೂ ನಡುವೆ ಒಮ್ಮೆ ಉಗುಳಲು ಹೋಗಿದ್ದರು. ಕೈ ಬಿಡುವುದು ಬೇಡವೆಂದು ರೋಬೊವನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು.

ಎಂಜಿನಿಯರ್ ಇದನ್ನು ಜರ್ಮನಿಗೆ ಹೇಗೆ ಬರೆದು ತಿಳಿಸಿದರೋ ಗೊತ್ತಿಲ್ಲ. ಆದರೆ ಉಸ್ತಾದರಿಗೆ ತಮ್ಮ ಚಟ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಜೀವನದಲ್ಲಿ ಮೊದಲ ಬಾರಿ ಕಂಡಿತು. ನಾಚಿ ಆ ವಾರವೇ ಎಲೆ ಅಡಿಕೆ ಬಿಟ್ಟರು. ಎಷ್ಟು ವರ್ಷದಿಂದ ಅವರ ಹೆಂಡತಿ ಹೇಳಿ ಹೇಳಿ ಸೋತಿದ್ದರು! ಎಂಜಿನಿಯರ್ ಊರಿಗೆ ಹೋಗಿದ್ದರಿಂದ ರೋಬೊಗೆ ಹೊಸದಾಗಿ ಕಲಿಸುವುದು ತಡವಾಯಿತು. ಅಷ್ಟು ದಿನ ಉಸ್ತಾದ್ ಬಂದವರಿಗೆಲ್ಲ ಅದನ್ನು ತೋರಿಸಿ ಹೇಳುತ್ತಿದ್ದರು: "ನೋಡ್ರಿ, ನಾ ಬಿಟ್ಟೆ. ಇದು ಬಿಡವಲ್ದು. ಸಣ್ಣ ವಯಸ್ಸಿನ್ಯಾಗ ಚಟಾ ಹತ್ತಿದ್ರ ಹಿಂಗ."

ಪಾರಿವಾಳದ ಮಾರ್ಕು

ನಮ್ಮ ಶೆಡ್ಡಿನ ತಗಡಿನ ಕೆಳಗೆ ಪಾರಿವಾಳಗಳಿವೆ. ಕಾರ್ಖಾನೆಗಿಂತ ಮೊದಲು ಅವೇ ಇದ್ದವು ಅನ್ನುವ ಹಾಗೆ ಓಡಾಡುತ್ತವೆ. ಒಂದು ದಿನ ಟ್ರಾಲಿ ಸ್ಕ್ಯಾನರ್ ಮುಂದೆ ಹೋಗುವಾಗ ಅದರ ಪಕ್ಕದ ಹಲಗೆಯ ಕೆಳ ಅಂಚಿನ ಮೇಲೆ ಒಂದು ಪಾರಿವಾಳ ಕುಳಿತಿತ್ತು. ಅಲುಗಾಡದೆ ಕುಳಿತಿತ್ತು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಸ್ಕ್ಯಾನರ್ ಅದನ್ನೂ ಟ್ರಾಲಿಯ ಭಾಗವೆಂದೇ ಬರೆದುಕೊಂಡಿತು. ಟ್ರಾಲಿ ಮುಂದೆ ಸಾಗುವಷ್ಟರಲ್ಲಿ ಪಾರಿವಾಳ ಹಾರಿಹೋಯಿತು. ರೋಬೊ ಮಾತ್ರ ಅಲ್ಲಿ ಪಾರಿವಾಳ ಇದೆಯೆಂದೇ ನಂಬಿ, ಬಹಳ ನಾಜೂಕಾಗಿ ಇಲ್ಲದ ರೆಕ್ಕೆಗೆ, ಇಲ್ಲದ ಕೊಕ್ಕಿಗೆ ಬಣ್ಣ ಹೊಡೆಯಿತು. ಗಾಳಿಗೆ ಹೊಡೆದ ಬಣ್ಣ ಗಾಳಿಗೇ ಹೋಯಿತು. ಅದರ ಹಿಂದಿನ ಹಲಗೆಯ ಮೇಲೆ ಬಣ್ಣ ತೆಳ್ಳಗೆ ಉಳಿದ ಜಾಗ ಥೇಟ್ ಕುಳಿತ ಪಾರಿವಾಳದ ಆಕಾರದಲ್ಲಿತ್ತು.

ನಾನು ಅದನ್ನು ಮತ್ತೆ ಬಣ್ಣಕ್ಕೆ ಕಳಿಸಬೇಕೆಂದು ಬದಿಗೆ ನಿಲ್ಲಿಸಿದ್ದೆ. ನಾನು ಊಟಕ್ಕೆ ಹೋದಾಗ ಹುಲಿಹೈದರದಿಂದ ಒಬ್ಬ ಗಿರಾಕಿ ಬಂದಿದ್ದಾನೆ. ಅವಸರದ ಮನುಷ್ಯ. ಅದೇ ಟ್ರಾಲಿಯ ಮುಂದೆ ನಿಂತಿದ್ದಾನೆ.

"ಸಾವ್ಕಾರ್ರ, ಇದೇನ್ರಿ ಇಲ್ಲಿ, ಹಕ್ಕಿ ಹಕ್ಕಿ ಕಂಡಂಗ ಆಗತೈತಿ?"

ಸಾವ್ಕಾರ್ರಿಗೂ ಅದು ಅದೇ ಮೊದಲು ಕಂಡದ್ದು. ಆದರೆ ವ್ಯಾಪಾರಸ್ಥನ ನಾಲಿಗೆ ಕಣ್ಣಿಗಿಂತ ಚುರುಕು. "ಅದಾ? ಕಂಪನಿ ಮಾರ್ಕು. ರೋಬೊ ಹೊಡದದ್ದಕ್ಕ ಗುರುತು. ಕೈಲೆ ಹೊಡದದ್ದಕ್ಕ ಬರೂದಿಲ್ಲ."

ಗಿರಾಕಿ ಬೆರಳಿನಿಂದ ಹಕ್ಕಿಯನ್ನು ಸವರಿ, ತಲೆದೂಗಿ, ಅದೇ ಟ್ರಾಲಿ ಕಟ್ಟಿಕೊಂಡು ಹೋದ.

ಆಮೇಲೆ ಅವನ ಊರಿನವರು, ಬೀಗರು, ಬೀಗರ ಬೀಗರು ಬರತೊಡಗಿದರು. ನಾವು ಹೊಳೆಹೊಳೆಯುವ ಟ್ರಾಲಿ ತೋರಿಸುತ್ತೇವೆ, ಒಂದು ಚುಕ್ಕೆ ಕೊರತೆಯಿಲ್ಲ. ಅವರು ಸುತ್ತ ತಿರುಗಿ ನೋಡಿ, ಮುಖ ಸಿಂಡರಿಸಿ ಹೇಳುತ್ತಾರೆ: "ಹಕ್ಕಿ ಎಲ್ಲೈತಿ? ನಮಗ ಡುಪ್ಲಿಕೇಟ್ ಕೊಡಾಕತ್ತೀರೇನು?"

ಪಾರಿವಾಳ ಓಡಿಸಲು ಅಷ್ಟರಲ್ಲಿ ಒಬ್ಬ ಮನುಷ್ಯನನ್ನು ಇಟ್ಟಿದ್ದೆವು. ಸ್ಕ್ಯಾನರಿನ ಕಣ್ಣಿನ ಮೇಲೆ ಕೂರುವ ಕರಿ ಧೂಳು ಒರೆಸಲು ಇನ್ನೊಬ್ಬನನ್ನು. ಜನ ಕಡಿಮೆ ಮಾಡಲು ತಂದ ಯಂತ್ರ ಇಬ್ಬರಿಗೆ ನೌಕರಿ ಕೊಟ್ಟಿತ್ತು. ಸಾವ್ಕಾರ್ರು ಒಂದು ಮುಂಜಾನೆ ಶೆಡ್ಡಿಗೆ ಬಂದು, ಪಾರಿವಾಳ ಓಡಿಸುವವನ ಕೈಯಿಂದ ಕೋಲು ಕಸಿದುಕೊಂಡು, ಅವನ ಕೈಗೆ ಜೋಳದ ಚೀಲ ಕೊಟ್ಟರು.

"ಇವತ್ತಿಂದ ಓಡಸಬ್ಯಾಡ. ಕರಿ."

ಯಾರ ದನಿ

ರೋಬೊ ಕೈ ಬೀಸುವಾಗ ಯಾರಾದರೂ ಹತ್ತಿರ ಹೋದರೆ ಅದು ತಾನೇ ನಿಂತು, ಎಚ್ಚರಿಕೆ ಹೇಳಬೇಕು. ಕನ್ನಡದಲ್ಲಿ ಹೇಳುವ ಹಾಗೆ ಮಾಡಿಕೊಡಿ ಎಂದು ಕೇಳಿದ್ದೆವು. ಪುಣೆಯವರು ಯಾವುದೋ ಹೆಣ್ಣುಮಗಳ ಜೇನಿನಂಥ ದನಿ ಹಾಕಿ ಕಳಿಸಿದರು: "ಗೌರವಾನ್ವಿತರೇ, ದಯಮಾಡಿ ಅಪಾಯದ ವಲಯದಿಂದ ಹಿಂದಕ್ಕೆ ಸರಿಯಬೇಕಾಗಿ ವಿನಂತಿ."

ಇದನ್ನು ಕೇಳಿ ನಮ್ಮವರು ಯಾರೂ ಹಿಂದೆ ಸರಿಯಲಿಲ್ಲ. ಬದಲಿಗೆ ಹತ್ತಿರ ಬಂದರು. ಕೆಲವರು ಅದನ್ನು ಇನ್ನೊಮ್ಮೆ ಕೇಳಲೆಂದೇ ಹೋಗಿ ನಿಲ್ಲುತ್ತಿದ್ದರು. ಒಬ್ಬ ಎಲ್ಲ ಕೇಳಿ, ಕೈ ಮುಗಿದು, "ಆತ್ರಿ ಅಕ್ಕಾರ" ಎಂದು ಅಲ್ಲೇ ನಿಂತ.

ಹೀಗಾದರೆ ಯಾರಿಗಾದರೂ ಪೆಟ್ಟಾಗುತ್ತದೆಂದು ನನಗೆ ಹೆದರಿಕೆಯಾಯಿತು. ನಮ್ಮ ಭಾಷೆಯಲ್ಲೇ, ಇಲ್ಲಿನ ದನಿಯಲ್ಲೇ ಬೇಕು ಎಂದು ಎಂಜಿನಿಯರ್‌ಗೆ ಹೇಳಿ, ಉಸ್ತಾದರನ್ನು ಮೈಕಿನ ಮುಂದೆ ಕೂರಿಸಿದೆ. "ನಿಮಗ ಹೆಂಗ ಬರತೈತೋ ಹಂಗ ಹೇಳ್ರಿ," ಎಂದೆ. ಅವರು ಹೇಳಿದರು. ಅವತ್ತಿನಿಂದ ರೋಬೊ ಗುಡುಗತೊಡಗಿತು: "ಏ! ಹಿಂದ ಸರಿ! ಕಣ್ಣು ಕಾಣಸೂದಿಲ್ಲೇನ್ ನಿನಗ? ನಿಂದೇನ್ ಕೆಲಸ ಇಲ್ಲಿ?" ಪೇಂಟ್ ಶಾಪು ಒಂದೇ ದಿನದಲ್ಲಿ ಶಿಸ್ತಿಗೆ ಬಂತು.

ಆ ವಾರ ಸಾವ್ಕಾರ್ರು ತಮ್ಮ ಮಗನಿಗೆ ಹೆಣ್ಣು ಕೊಡುವವರನ್ನು ಕಾರ್ಖಾನೆ ತೋರಿಸಲು ಕರೆತಂದರು. ಕುಷ್ಟಗಿಯ ದೊಡ್ಡ ಮನೆತನ. ಸಾವ್ಕಾರ್ರು ಮುಂದೆ, ಬೀಗರು ಹಿಂದೆ. "ಇಲ್ಲಿ ಎಲ್ಲಾರೂ ನನ್ನ ಮಾತು ಕೇಳತಾರ್ರಿ, ಮಷೀನ್ ಸೈತ," ಎನ್ನುತ್ತ ಸಾವ್ಕಾರ್ರು ರೋಬೊದ ಸುತ್ತ ಎಳೆದ ಹಳದಿ ಗೆರೆ ದಾಟಿದರು.

"ಏ! ಹಿಂದ ಸರಿ! ಕಣ್ಣು ಕಾಣಸೂದಿಲ್ಲೇನ್ ನಿನಗ? ನಿಂದೇನ್ ಕೆಲಸ ಇಲ್ಲಿ?"

ಸಾವ್ಕಾರ್ರು ಒಂದೇ ನೆಗೆತಕ್ಕೆ ಹಿಂದೆ ಬಂದು ಬೀಗರ ಕಾಲು ತುಳಿದರು. ಸಾವ್ಕಾರ್ರು ತಿರುಗಿ ನೋಡಿದರು. ದನಿ ಯಾರದೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಉಸ್ತಾದ್ ಎರಡೂ ಕೈ ಎತ್ತಿ ಹೇಳಿದರು:

"ನಾ ಬಾಯಿ ಬಿಟ್ಟಿಲ್ರಿ ಸಾವ್ಕಾರ್ರ. ಇಷ್ಟು ವರ್ಷ ಆತು, ಒಂದ ದಿನಾನೂ ಬಿಟ್ಟಿಲ್ಲ. ಅದಕ್ಕ ಅದು ಬಿಟ್ಟೈತಿ."

ಜೋಡಿ

ಈಗ ಹೇಳುವುದು ನನ್ನ ಮನೆಯಲ್ಲೇ ನಡೆದದ್ದು.

ಮದುವೆಯಾಗಿ ಮೂರು ವರ್ಷ ದಾಟಿತ್ತು. ಮಕ್ಕಳಾಗಿರಲಿಲ್ಲ. ಓಣಿಯವರು ಕೇಳುತ್ತಿದ್ದರು, ಬಸ್ಸಿನಲ್ಲಿ ಪಕ್ಕ ಕುಳಿತವರು ಕೇಳುತ್ತಿದ್ದರು, ಗುರುತೇ ಇಲ್ಲದ ಬಳೆಗಾರನೂ ಕೇಳಿದ್ದ. ಕೇಳದವರು ನಮ್ಮ ಅತ್ತೆ ಒಬ್ಬರೇ. ಕೇಳದಿರುವುದು ಸಿಟ್ಟೋ, ನಿರಾಸೆಯೋ ಎಂದು ತಿಳಿಯದೆ ನಾನೂ ಆ ಮಾತು ತೆಗೆಯುತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ಸಂಜೆ, ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಹಿಂದೆ ನಿಂತು ನಾನು ಸಾವ್ಕಾರ್ರ ಜೊತೆ ಫೋನಿನಲ್ಲಿ ಮಾತಾಡಿದೆ. ಒಬ್ಬ ಗಿರಾಕಿ ಹೊಸ ನಮೂನೆಯ ಎರಡು ದೊಡ್ಡ ಟ್ರಾಲಿ ಮಾಡಿಸಿದ್ದ. ಆ ಅಳತೆಯದನ್ನು ಸ್ಕ್ಯಾನರ್ ಹಿಂದೆ ನೋಡಿರಲಿಲ್ಲ. ನನ್ನ ಕಡೆಯ ಮಾತಷ್ಟೇ ಅತ್ತೆಗೆ ಕೇಳಿಸಿದ್ದು. ಅದು ಹೀಗಿತ್ತು:

"ಹೌದ್ರಿ, ನಾಳೆ ಮುಂಜಾನೆ ಸ್ಕ್ಯಾನಿಂಗ್ ಐತ್ರಿ... ಮೊದಲನೇ ಸಲಾ ನೋಡ್ರಿ, ಅದಕ್ಕ ಸ್ವಲ್ಪ ಅಂಜಿಕಿ... ಹೂನ್ರಿ, ಒಂದಲ್ಲ, ಜೋಡಿ ಅದಾವ... ಭಾಳ ದೊಡ್ಡವು ಅದಾವ್ರಿ... ಬಣ್ಣದ್ದು ಚಿಂತಿ ಮಾಡಬ್ಯಾಡ್ರಿ, ಕೆಂಪಗ, ಛಲೋ ಬರ್ತಾವ... ಡಿಲಿವರಿ ಯಾವಾಗ ಅಂತ ಸ್ಕ್ಯಾನಿಂಗ್ ಆದಮ್ಯಾಲ ಹೇಳ್ತೀನ್ರಿ."

ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ನಾನು ಗಮನಿಸಲಿಲ್ಲ. ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ತುಪ್ಪ ಬಿತ್ತು. ಮುಂಜಾನೆ ಎದ್ದರೆ ಕೇಸರಿ ಹಾಕಿದ ಹಾಲು. "ಕುಡಿ ಯವ್ವಾ, ಬಣ್ಣ ಬರತೈತಿ," ಎಂದರು ಅತ್ತೆ. ಇವತ್ತು ಬಣ್ಣ ಸರಿಯಾಗಿ ಬರಲೆಂದು ಹರಕೆಯ ಹಾಗೆ ಏನೋ ಕೊಡುತ್ತಿದ್ದಾರೆ, ನನ್ನ ಕೆಲಸದ ಮೇಲೆ ಎಷ್ಟು ಕಾಳಜಿ ಎಂದುಕೊಂಡು ಕುಡಿದೆ. ನೀರಿನ ಕೊಡ ಎತ್ತಲು ಹೋದರೆ ಕಸಿದುಕೊಂಡರು.

ನನ್ನ ಗಂಡ ಬಸ್ ಕಂಡಕ್ಟರ್. ಅವತ್ತು ಅವರು ಕುಷ್ಟಗಿ ಬಸ್ಸಿನ ಡ್ಯೂಟಿಯಲ್ಲಿದ್ದರು. ತಳಕಲ್ಲಿನ ಮುದುಕನೊಬ್ಬ ಹತ್ತಿದವನೇ ಕೂಗಿದನಂತೆ: "ಏನಪಾ ಕಂಡಕ್ಟರ್, ಜೋಡಿ ಅಂತಲ್ಲೋ!" ಇವರು ಡಿಪೋದಲ್ಲಿ ತಮಗೆ ಎರಡು ಪಾಳಿಯ ಕೆಲಸ ಹಾಕಿದ್ದಾರೆಂದು ತಿಳಿದು, "ಹೂಂ ಯಜ್ಜಾ, ಏನ್ ಮಾಡೂದು? ಮ್ಯಾಲಿನವರು ಕೊಟ್ಟಮ್ಯಾಲ ಮಾಡಬೇಕಲ್ಲ," ಎಂದರಂತೆ. ಮುದುಕ ಮೇಲೆ ನೋಡಿ ಕೈ ಮುಗಿದನಂತೆ.

ಸ್ಕ್ಯಾನಿಂಗ್ ಛಲೋ ಆಯಿತು. ಎರಡೂ ಟ್ರಾಲಿಗೆ ಬಣ್ಣವಾಯಿತು. ಉಸ್ತಾದ್ ಒಣಗಿಸಲು ನಿಂತರು, ನಾನು ನಾಲ್ಕರ ಬಸ್ಸು ಹಿಡಿದು ಮನೆಗೆ ಬಂದೆ. ಪಡಸಾಲೆಯ ತುಂಬ ಹೆಂಗಸರು. ಹೋಳಿಗೆಯ ವಾಸನೆ ಓಣಿಯ ತುದಿಗೇ ಬರುತ್ತಿತ್ತು. ಯಾರದೋ ಮನೆಯ ಕಾರ್ಯ ನಮ್ಮಲ್ಲಿ ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಒಳಗೆ ಕಾಲಿಡುವಷ್ಟರಲ್ಲಿ ನನ್ನನ್ನು ಹಿಡಿದು ಮಣೆಯ ಮೇಲೆ ಕೂರಿಸಿ, ತಲೆಗೆ ಮಲ್ಲಿಗೆ ಮುಡಿಸಿ, ಉಡಿಯಲ್ಲಿ ಅಕ್ಕಿ, ಕಾಯಿ, ಹಸಿರು ಖಣ ತುಂಬಿಬಿಟ್ಟರು.

"ಏನ್ ನಡದೈತ್ರಿ ಇದು..." ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಉಂಡೆ ಬಿತ್ತು. ಅದನ್ನು ನುಂಗುವಷ್ಟರಲ್ಲಿ ಒಬ್ಬಾಕೆ ನನ್ನ ಕಿವಿಯಲ್ಲಿ, "ಜೋಡಿ ಅಂದ್ರ ಜ್ವಾಕಿ ಯವ್ವಾ," ಎಂದಳು. ಆಗ ನನಗೆ ನಿನ್ನೆಯ ಫೋನು, ರೊಟ್ಟಿಯ ಸದ್ದು, ಕೇಸರಿ ಹಾಲು ಎಲ್ಲ ಒಟ್ಟಿಗೆ ಹೊಳೆಯಿತು. ಹೇಳಿಬಿಡೋಣ ಎಂದು ತಲೆ ಎತ್ತಿದೆ. ಎದುರಿಗೆ ಅತ್ತೆ ಆರತಿ ಹಿಡಿದು ನಿಂತಿದ್ದರು. ಆ ಮುಖ ಅಷ್ಟು ಅರಳಿದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ. ಮತ್ತೆ ತಲೆ ತಗ್ಗಿಸಿ ಉಡಿ ಹಿಡಿದುಕೊಂಡೆ.

ಆಗಲೇ ನನ್ನ ಫೋನು ರಿಂಗಾಯಿತು. ನನ್ನ ಎರಡೂ ಕೈಯಲ್ಲಿ ಉಡಿ. ಪಕ್ಕದ ಮನೆಯಾಕೆ, "ನಾ ಹಿಡಿತೀನಿ ತಡಿ," ಎಂದು ಏನೋ ಒತ್ತಿದಳು. ಸಾವ್ಕಾರ್ರ ದೊಡ್ಡ ದನಿ ಪಡಸಾಲೆಯನ್ನೆಲ್ಲ ತುಂಬಿತು.

"ಏನವಾ, ಸ್ಕ್ಯಾನಿಂಗ್ ಛಲೋ ಆತಂತ ಉಸ್ತಾದ್ ಹೇಳಿದ! ಮತ್ತ ತಡಾ ಯಾಕ? ನಾಡಿದ್ದ ಡಿಲಿವರಿ ಮಾಡಿಬಿಡೂಣು. ಗಿರಾಕಿ ತಯಾರ ಅದಾನ. ಒಂದು ಅಂವ ಒಯ್ತಾನಂತ, ಇನ್ನೊಂದು ಅವನ ಅಳಿಯಾ ಒಯ್ತಾನಂತ!"

ಅತ್ತೆ ಆರತಿ ತಟ್ಟೆ ಕೆಳಗಿಟ್ಟರು. ಫೋನು ಕಸಿದುಕೊಂಡರು.

"ಯಾವನಂವ ಗಿರಾಕಿ? ನಮ್ಮ ಮನಿ ಕೂಸ್ನ ಒಯ್ಯಾಕ ಅವನ್ಯಾರು, ಅವನ ಅಳಿಯಾ ಯಾರು? ನೀ ಯಾರು ಮಾರಾಕ?"

ಸಾವ್ಕಾರ್ರು ತಬ್ಬಿಬ್ಬಾದರು. "ನೀವ್ಯಾರ್ರಿ?"

"ನಾ ಅಜ್ಜಿ!"

ಸಾವ್ಕಾರ್ರು ಬಹಳ ಮರ್ಯಾದೆಯ ದನಿಯಲ್ಲಿ ಕೇಳಿದರು: "ಟ್ರಾಲಿಗೆ ಅಜ್ಜಿ ಎಲ್ಲಿಂದ ಬಂದ್ರಿ?"

ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು, "ಟ್ರಾಲಿ ಅಂದ್ರ ಟ್ರ್ಯಾಕ್ಟರ್ ಹಿಂದಿಂದೇನ?" ಎಂದಳು. ನಾನು ಹೌದೆಂದು ತಲೆ ಆಡಿಸಿದೆ. ಮೊದಲು ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಅತ್ತೆ ಒಬ್ಬರೇ ನಗಲಿಲ್ಲ. ಸುಮ್ಮನೆ ಅಡುಗೆಮನೆಗೆ ಹೋದರು.

ಉಡಿಯ ಅಕ್ಕಿಯನ್ನು ಚೆಲ್ಲದಂತೆ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಅವರು ಒಲೆಯ ಮುಂದೆ ಬೆನ್ನು ಮಾಡಿ ಕುಳಿತಿದ್ದರು.

"ಅತ್ತಿ, ಒಂದ ಮಾತು ನನ್ನ ಕೇಳಬೇಕಿತ್ತಲ್ರಿ."

"ಹೆಂಗ ಕೇಳ್ಲಿ? ಊರ ಮಂದಿ ಕೇಳಿದಾಗೆಲ್ಲ ನಿನ್ನ ಮಾರಿ ಹೆಂಗ ಆಕ್ಕೈತಿ ನಾ ನೋಡೂದಿಲ್ಲೇನು? ಮನ್ಯಾಗರ ಕೇಳವರು ಇರಬಾರದು ಅಂತ ಬಾಯಿ ಹೊಲಕೊಂಡಿದ್ದೆ."

ನನಗೆ ಅಳು ಬಂತು. ಅವರಿಗೂ ಬಂತು. ಇಬ್ಬರೂ ಒಂದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು. ಡಾಕ್ಟರ ಹತ್ತಿರ ಹೋಗಿ ಬಂದದ್ದು, ಅವರು ಏನೂ ತೊಂದರೆಯಿಲ್ಲ ಕಾಯಿರಿ ಅಂದದ್ದು, ಎಲ್ಲ ಅಲ್ಲೇ ಹೇಳಿದೆ. ಮೂರು ವರ್ಷದ ಮಾತು ಒಂದು ಹೋಳಿಗೆ ಬೇಯುವಷ್ಟರಲ್ಲಿ ಮುಗಿಯಿತು. ಅತ್ತೆ ಎದ್ದು, ಮುಖ ತೊಳೆದು, ಹೋಳಿಗೆಯ ಬುಟ್ಟಿ ಎತ್ತಿಕೊಂಡು ಪಡಸಾಲೆಗೆ ಹೋದರು.

"ಏ, ಎಲ್ಲಿ ಎದ್ದು ಹೊಂಟೀರಿ? ಕುಂದರ್ರಿ. ಮಾಡಿದ ಅಡಗಿ ಕೆಡಸಾಕ ಆಗೂದಿಲ್ಲ. ಟ್ರಾಲಿ ಹೆಸರಲೆ ಉಣ್ಣರಿ."

ಎಲ್ಲರೂ ಉಂಡರು. ಟ್ರಾಲಿಗಳು ಸುಖವಾಗಿ ಮನೆ ಸೇರಲಿ ಎಂದು ಹರಸಿ ಹೋದರು.

ಡಿಲಿವರಿಯ ದಿನ ಅತ್ತೆ ಹಟ ಹಿಡಿದು ನನ್ನ ಜೊತೆ ಕಾರ್ಖಾನೆಗೆ ಬಂದರು. "ಊರೆಲ್ಲ ಉಂಡಾರ, ನಾ ಅವನ್ನ ಒಂದ್ಸಲರ ನೋಡಬ್ಯಾಡೇನು?" ಅಂಗಳದಲ್ಲಿ ಎರಡೂ ಟ್ರಾಲಿ ಬಿಸಿಲಿಗೆ ಹೊಳೆಯುತ್ತ ನಿಂತಿದ್ದವು. ಸಾವ್ಕಾರ್ರು ಫೋನಿನ ನೆನಪಿಗೆ ಸ್ವಲ್ಪ ದೂರವೇ ನಿಂತಿದ್ದರು. ಉಸ್ತಾದ್ ಕುರ್ಚಿ ತಂದಿಟ್ಟರು. ಅತ್ತೆ ಕೂರಲಿಲ್ಲ. ಒಂದೊಂದನ್ನೂ ಸುತ್ತು ಹಾಕಿದರು. ಗಾಲಿ ಮುಟ್ಟಿದರು, ಬಗ್ಗಿ ಅಡಿಭಾಗ ನೋಡಿದರು, ಹಲಗೆಯ ಮೇಲೆ ಅಂಗೈ ಸವರಿದರು. ಎರಡರ ಮುಂದೆಯೂ ಬೆರಳು ಮುರಿದು ದೃಷ್ಟಿ ತೆಗೆದರು.

ಸಾವ್ಕಾರ್ರು ಧೈರ್ಯ ಮಾಡಿ ಹತ್ತಿರ ಬಂದು ಕೇಳಿದರು: "ಹೆಂಗ ಅದಾವ್ರಿ ಅಮ್ಮಾರ?"

ಅತ್ತೆ ಇನ್ನೊಮ್ಮೆ ಆ ಕೆಂಪನೆಯ ಜೋಡಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ತಮ್ಮ ಕಪ್ಪನೆಯ ಕೈಯನ್ನೂ ನೋಡಿಕೊಂಡು ಹೇಳಿದರು:

"ಗಟ್ಟಿಮುಟ್ಟ ಛಲೋ ಅದಾವ. ಖರೆ, ಬಣ್ಣ ನಮ್ಮ ಮನಿತನದ್ದಲ್ಲ."